ಮಧ್ಯರಾತ್ರಿ ಪೆನಾಂಗಿಗೆ ಬಂತು ಗಾಂಧಿನಗರದ ಫೋನು!

ಟ್ರಿಣ್... ಟ್ರಿಣ್... ಟ್ರಿಣ್...

ರಾತ್ರಿ ಹನ್ನೆರಡೂವರೆ. ಹೆಂಡತಿ, ಏಳು ವರ್ಷದ ಮಗಳು ಗಾಢ ನಿದ್ರೆಯಲ್ಲಿದ್ದಾರೆ. ಹದಿನಾಲ್ಕನೇ ಮಹಡಿಯ ಕಿಟಕಿಯಾಚೆ ಕಡುಕಪ್ಪು ಸಮುದ್ರ, ಅದರ ಮೇಲೆ ಹಡಗುಗಳ ದೀಪ. ನಾನು ಹಾರಿಬಿದ್ದು ಫೋನೆತ್ತಿದೆ.

"ಏನ್ ಸಾರ್, ಆಗಲೇ ಮಲಗಿಬಿಟ್ರಾ? ಇನ್ನೂ ಹತ್ತು ಗಂಟೆ ಅಲ್ವಾ!"

"ನಿಮಗೆ ಹತ್ತು ಸಾರ್. ನನಗೆ ಹನ್ನೆರಡೂವರೆ."

"ಓ, ಹೌದಲ್ಲ, ಫಾರಿನ್ನು! ಮರೆತೇ ಹೋಯ್ತು. ಕ್ಲೈಮ್ಯಾಕ್ಸ್ ಮತ್ತೆ ಎಡಿಟ್ ಆಗಿದೆ ಸಾರ್. ಹನ್ನೊಂದು ನಿಮಿಷ. ಬೆಳಿಗ್ಗೆ ಎಂಟಕ್ಕೆ ಸಬ್‌ಟೈಟ್ಲು ಬೇಕೇ ಬೇಕು!"

ಇದೇ ನನ್ನ ಫಾರಿನ್ ಜೀವನದ ನಿಜವಾದ ದೃಶ್ಯ, ಅಭಿಮಾನಿ ಮಿತ್ರರೇ! ಸಮುದ್ರತೀರದಲ್ಲಿ ಬಿಳಿ ಪ್ಯಾಂಟು ಹಾಕಿಕೊಂಡು ನಾಯಕಿಯ ಹಿಂದೆ ಓಡುವ ಡ್ಯೂಯೆಟ್ ಅಲ್ಲ. ಬನಿಯನ್ನು, ಲುಂಗಿ, ಕಪ್ಪು ಕಾಫಿ, ಎದುರಿಗೆ ಲ್ಯಾಪ್‌ಟಾಪು. ತೆರೆಯ ಮೇಲೆ ನಾಯಕ ಸಾಯುತ್ತಿದ್ದಾನೆ, ಅವನ ಕೊನೆಯ ಮಾತನ್ನು ನಾನು ಇಂಗ್ಲಿಷಿಗೆ ಇಳಿಸುತ್ತಿದ್ದೇನೆ.

ಕನ್ನಡ ಚಿತ್ರಗಳಿಗೆ ಸಬ್‌ಟೈಟಲ್ ಬರೆಯುವುದು, ಆಗೀಗ ಟ್ರೇಲರ್ ಕತ್ತರಿಸುವುದು ನನ್ನ ಕಸುಬು. 2023ರ ಜೂನ್‌ನಿಂದ 2025ರ ಜೂನ್‌ವರೆಗೆ ಪೂರಾ ಎರಡು ವರ್ಷ ಹೆಂಡತಿ-ಮಗಳೊಂದಿಗೆ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಕೂತು ಈ ಕೆಲಸ ಮಾಡಿದೆ. "ಅದ್ಹೇಗೆ ಸಾರ್? ನಮಗೂ ಹೇಳಿ, ನಾವೂ ಹೊರಡ್ತೀವಿ" ಎಂದು ಕೇಳಿದ ಹುಡುಗರಿಗೆ ಲೆಕ್ಕವಿಲ್ಲ. ಹೇಳುತ್ತೇನೆ. ಆದರೆ ಪೋಸ್ಟರ್ ನೋಡಿ ಪಿಚ್ಚರ್ ಹೇಗಿದೆ ಅಂತ ತೀರ್ಮಾನ ಮಾಡಬೇಡಿ!

ಡಬ್ಬ ಹೊತ್ತ ಕಾಲ

ಕೆಲಸ ಎಲ್ಲಿದೆಯೋ ಅಲ್ಲಿಗೆ ಮನೆ ಹೊತ್ತುಕೊಂಡು ಹೋಗುವುದು ನಮ್ಮ ಕನ್ನಡ ಚಿತ್ರರಂಗಕ್ಕೆ ಹೊಸದೇನಲ್ಲ. ದಶಕಗಟ್ಟಲೆ ನಮ್ಮ ಚಿತ್ರಗಳು ತಯಾರಾದದ್ದು ಮದ್ರಾಸಿನಲ್ಲಿ. ಫ್ಲೋರು ಅಲ್ಲಿ, ರೆಕಾರ್ಡಿಂಗ್ ಥಿಯೇಟರ್ ಅಲ್ಲಿ, ಲ್ಯಾಬು ಅಲ್ಲಿ. ಹೀಗಾಗಿ ಕಲಾವಿದರ ಸಂಸಾರವೂ ಅಲ್ಲೇ. ವರನಟ ರಾಜ್‌ಕುಮಾರ್ ಅವರ ಮಕ್ಕಳಾದ ಶಿವರಾಜ್‌ಕುಮಾರ್ 1962ರಲ್ಲಿ, ಪುನೀತ್ 1975ರಲ್ಲಿ ಹುಟ್ಟಿದ್ದು ಮದ್ರಾಸಿನಲ್ಲೇ ಎಂಬುದು ನಿಮಗೆ ಗೊತ್ತೇ ಇದೆ.

ಆಗ ಕೆಲಸಕ್ಕೆ ತೂಕವಿತ್ತು ಸ್ವಾಮಿ! ಅಕ್ಷರಶಃ ತೂಕ. ಸೆಕೆಂಡಿಗೆ 24 ಫ್ರೇಮು, ಒಂದು ಅಡಿ ಫಿಲ್ಮಿಗೆ 16 ಫ್ರೇಮು. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದೇ ನಿಮಿಷ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ. ಅಷ್ಟನ್ನೂ ಡಬ್ಬಗಳಲ್ಲಿ ತುಂಬಿ ಸಾಗಿಸಬೇಕಿತ್ತು. ಡಬ್ಬ ಇರುವ ಊರಿನಲ್ಲೇ ಎಡಿಟರೂ ಇರಬೇಕಿತ್ತು.

ಇನ್ನು ಫಾರಿನ್ ಅಂದರೆ? 1978ರ 'ಸಿಂಗಪೂರಿನಲ್ಲಿ ರಾಜಾಕುಳ್ಳ' ನೆನಪಿಸಿಕೊಳ್ಳಿ. ಕರ್ನಾಟಕದ ಕುಳ್ಳ ದ್ವಾರಕೀಶ್ ಅವರು ವಿಷ್ಣುವರ್ಧನ್ ಅವರನ್ನೂ ಕ್ಯಾಮೆರಾವನ್ನೂ ಕಟ್ಟಿಕೊಂಡು ಸಮುದ್ರ ದಾಟಿದ್ದೇ ಅಂದಿಗೆ ಮಹಾಸಾಹಸ. ನಮ್ಮ ತಂದೆ ಆ ಚಿತ್ರ ನೋಡಿ ಬಂದು ವಾರಗಟ್ಟಲೆ ಸಿಂಗಪುರದ ರಸ್ತೆಗಳ ಬಗ್ಗೆಯೇ ಮಾತಾಡುತ್ತಿದ್ದರಂತೆ. ನಾಲ್ಕೂವರೆ ದಶಕದ ಮೇಲೆ ಅವರ ಮಗ ಅದೇ ದಿಕ್ಕಿಗೆ ಹೊರಟ. ಹೀರೋ ಇಲ್ಲ, ಯೂನಿಟ್ ಇಲ್ಲ. ಒಂದು ಲ್ಯಾಪ್‌ಟಾಪು, ಎರಡು ಹೆಡ್‌ಫೋನು, ಮೂರು ಪಾಸ್‌ಪೋರ್ಟು, ಒಂದು ಇಡ್ಲಿ ಪಾತ್ರೆ!

ಎರಡು ಸಾಲಿನ ಸರ್ಕಸ್

ಸಬ್‌ಟೈಟಲ್ ಎಂದರೆ ಡೈಲಾಗ್ ಕೇಳಿ ಇಂಗ್ಲಿಷಿನಲ್ಲಿ ಬರೆದುಬಿಡುವುದು ಎಂದು ತಿಳಿದವರೇ ಹೆಚ್ಚು. ಹುಡುಗಾಟವಲ್ಲ! ತೆರೆಯ ಮೇಲೆ ಎರಡೇ ಸಾಲು. ಸಾಲಿಗೆ ಸುಮಾರು 42 ಅಕ್ಷರದ ಮಿತಿ. ಕಣ್ಣು ಓದುವುದಕ್ಕೆ ಒಂದು ಲೆಕ್ಕವಿದೆ, ಸೆಕೆಂಡಿಗೆ ಹದಿನೇಳರಿಂದ ಇಪ್ಪತ್ತು ಅಕ್ಷರ. ಒಂದು ಬರಹ ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಮಂಡ್ಯದ ನಾಯಕ ಒಂದೇ ಉಸಿರಿನಲ್ಲಿ ಹದಿನೈದು ಬೈಗುಳ ಉದುರಿಸಿದರೆ ಅದರಲ್ಲಿ ಯಾವ ಮೂರನ್ನು ಉಳಿಸುವುದು? ಅಪ್ಪ ಮಗಳನ್ನು ಕರೆಯುವ "ಅಮ್ಮಾ", ಹೆಂಡತಿ ಗಂಡನನ್ನು ಕರೆಯುವ "ರೀ", ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಎಲ್ಲಿಂದ ತರುವುದು?

ಆದರೆ ಈ ಕೆಲಸದ ಒಂದು ಸುಖ ಕೇಳಿ. ನನಗೆ ಬರುವುದು ಚಿತ್ರದ ಪುಟ್ಟ ಪ್ರತಿ. ಕದ್ದು ಹಂಚದಂತೆ ಅದರ ಮೇಲೆ ನನ್ನ ಹೆಸರು ಅಡ್ಡಲಾಗಿ ಮುದ್ರಿಸಿರುತ್ತಾರೆ, ಮೂಲೆಯಲ್ಲಿ ಗಂಟೆ-ನಿಮಿಷ-ಸೆಕೆಂಡು-ಫ್ರೇಮು ಓಡುತ್ತಿರುತ್ತದೆ. ನಾನು ವಾಪಸು ಕಳಿಸುವುದು ಬರೀ ಅಕ್ಷರ. ಇಡೀ ಚಿತ್ರದ ಸಬ್‌ಟೈಟಲ್ ಒಂದು ಫೋಟೋದಷ್ಟೂ ಜಾಗ ಹಿಡಿಯುವುದಿಲ್ಲ! 13,500 ಅಡಿಯ ಕೆಲಸ ಗಾಳಿಯಲ್ಲಿ ತೇಲಿಹೋಗುತ್ತದೆ. ಹಾಸನವಾದರೇನು, ಪೆನಾಂಗ್ ಆದರೇನು?

ಇಲ್ಲೊಂದು ಮಾತು ಹುಡುಗರು ಗಮನಿಸಬೇಕು. ನಾನು ಪೆನಾಂಗಿಗೆ ಹೋಗಿ ಈ ವೃತ್ತಿ ಕಟ್ಟಿಕೊಳ್ಳಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಥಿಯೇಟರುಗಳು ಬಾಗಿಲು ಹಾಕಿದಾಗ ಬೆಂಗಳೂರಿನ ರೂಮು ಖಾಲಿ ಮಾಡಿ ಹಾಸನಕ್ಕೆ ಬಂದವನು, ಮೂರು ವರ್ಷ ಅಲ್ಲಿಂದಲೇ ದುಡಿದು, ಗಿರಾಕಿಗಳಿಗೆ ನನ್ನ ಮುಖ ನೋಡದೆ ಕೆಲಸ ಕೊಡುವ ಅಭ್ಯಾಸ ಹಿಡಿಸಿದೆ. ಆಮೇಲೆ ವಿಮಾನ ಹತ್ತಿದ್ದು. ಇನ್ನೊಂದು ನಿಜವನ್ನೂ ಮುಚ್ಚಿಡುವುದಿಲ್ಲ: ಗಾಂಧಿನಗರ ಒಂದನ್ನೇ ನಂಬಿದ್ದರೆ ಪೆನಾಂಗ್ ಇರಲಿ, ಪಣಂಬೂರಿನಲ್ಲೂ ಬಾಡಿಗೆ ಕಟ್ಟಲಾಗುತ್ತಿರಲಿಲ್ಲ. ಆದಾಯದ ಮುಕ್ಕಾಲು ಪಾಲು ಹೊರದೇಶದ ಡಾಕ್ಯುಮೆಂಟರಿ, ಜಾಹೀರಾತುಗಳಿಂದ. ಕನ್ನಡ ಚಿತ್ರ ಪ್ರೀತಿಗೆ, ಅವು ಅಕ್ಕಿಗೆ.

'ಕಾಗದ ಗೀಗದ ಯಾಕೆ ಸಾರ್?'

ಆ 2020ರಲ್ಲೇ ಬೇರೆ ಬೇರೆ ದೇಶಗಳಿಗೆ ಹೊಸ ಯೋಚನೆ ಹೊಳೆಯಿತು. ಟೂರಿಸ್ಟುಗಳು ಬರುತ್ತಿಲ್ಲ, ಲ್ಯಾಪ್‌ಟಾಪಿನವರಾದರೂ ಬಂದು ಇಲ್ಲಿ ಕೂತು ದುಡಿದು ಇಲ್ಲೇ ಖರ್ಚು ಮಾಡಲಿ! ಜುಲೈನಲ್ಲಿ ಬಾರ್ಬಡೋಸ್, ಆಗಸ್ಟ್‌ನಲ್ಲಿ ಎಸ್ಟೋನಿಯಾ ಬಾಗಿಲು ತೆರೆದವು. ಮಲೇಷ್ಯಾ 2022ರ ಅಕ್ಟೋಬರಿನಲ್ಲಿ 'ಡಿಇ ರಾಂತಾವ್' ಎಂಬ ಪಾಸು ತಂದಿತು. ಊರು ಬಿಟ್ಟು ದುಡಿಯಲು ಹೋಗುವುದಕ್ಕೆ ಮಲಯ ಭಾಷೆಯಲ್ಲಿ 'ಮರಾಂತಾವ್' ಎನ್ನುತ್ತಾರೆ, ಆ ಮಾತಿನಿಂದ ಬಂದ ಹೆಸರು. ನಾನು ಅರ್ಜಿ ಹಾಕಿದಾಗ ಇದ್ದ ನಿಯಮ ಇಷ್ಟು: ಕಂಪ್ಯೂಟರು, ಡಿಜಿಟಲ್ ಕಸುಬಿನವರಿಗೆ ವರ್ಷಕ್ಕೆ 24,000 ಡಾಲರಿಗೆ ಮೇಲ್ಪಟ್ಟ ಆದಾಯವಿರಬೇಕು. ಒಮ್ಮೆಗೆ ಹನ್ನೆರಡು ತಿಂಗಳವರೆಗೆ ಪಾಸು, ಮತ್ತೆ ಹನ್ನೆರಡು ತಿಂಗಳು ಮುಂದುವರಿಸಬಹುದು. ಹೆಂಡತಿ-ಮಕ್ಕಳನ್ನೂ ಸೇರಿಸಬಹುದು.

ಎಲ್ಲ ಸರಿ. ಆದರೆ ಅವರು ಕೇಳಿದ್ದು ಕೆಲಸದ ಒಪ್ಪಂದ ಪತ್ರ! ಗಾಂಧಿನಗರದಲ್ಲಿ ಒಪ್ಪಂದವೇ? ನಮ್ಮಲ್ಲಿ ನಡೆಯುವುದು ಬಾಯಿಮಾತು. "ಮಾಡಿ ಸಾರ್, ನೋಡ್ಕೊಳ್ಳೋಣ." ನಾನು ಒಬ್ಬ ನಿರ್ಮಾಪಕರ ಬಳಿ ಪತ್ರ ಕೇಳಿದಾಗ ಅವರು ನನ್ನನ್ನು ನೋಡಿದ ನೋಟ, ಸಾಲ ಕೊಟ್ಟ ಸ್ನೇಹಿತ ಸ್ಟಾಂಪ್ ಪೇಪರ್ ತೆಗೆದರೆ ನೋಡುವ ನೋಟ! "ಕಾಗದ ಗೀಗದ ಯಾಕೆ ಸಾರ್? ನಂಬಿಕೆ ಇಲ್ವಾ?" ಕಡೆಗೆ ಆರರಲ್ಲಿ ಇಬ್ಬರು ಬರೆದುಕೊಟ್ಟರು. ಉಳಿದದ್ದು ಹೊರದೇಶದ ಗಿರಾಕಿಗಳ ಒಪ್ಪಂದ, ಮೂರು ತಿಂಗಳ ಬ್ಯಾಂಕ್ ಲೆಕ್ಕ. ಆ ಪಾಸು ನನಗೆ ಮಾಡಿದ ದೊಡ್ಡ ಉಪಕಾರ ಇದೇ ಎಂದು ಈಗ ಅನ್ನಿಸುತ್ತದೆ. ಅಲ್ಲಿಯವರೆಗೆ ಬಾಯಿಮಾತಿನ ಮೇಲೆ ದುಡಿದವನು ಅಂದಿನಿಂದ ದರ, ದಿನಾಂಕ, ಎಷ್ಟು ಸಲ ತಿದ್ದುಪಡಿ ಎಲ್ಲವನ್ನೂ ಬರೆದಿಡಲು ಕಲಿತೆ.

ಟೂರಿಸ್ಟ್ ಆಗಿ ಹೋಗಿ ಕೂತು ಕೆಲಸ ಮಾಡಿದರೆ ಆಗದೇ ಎಂದು ಕೇಳುವ ಚಾಲಾಕಿಗಳಿದ್ದಾರೆ. 2023ರ ಡಿಸೆಂಬರಿನಲ್ಲಿ ಮಲೇಷ್ಯಾ ನಮ್ಮವರನ್ನು ವೀಸಾ ಇಲ್ಲದೆ 30 ದಿನಕ್ಕೆ ಒಳಗೆ ಬಿಡಲು ಶುರು ಮಾಡಿತು, ನಿಜ. ಅದು ಊರು ನೋಡುವುದಕ್ಕೆ, ದುಡಿಯುವುದಕ್ಕಲ್ಲ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿದೆ. 'ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಊಟ-ವಸತಿ ಉಚಿತ' ಎಂಬ ಆಸೆಗೆ ಹೋದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚಿದ ಸಂಗತಿ ಸಿನಿಮಾ ಕಥೆಯಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳೇ ಹೋಗಿ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು. ಕೆಲಸ ನಿಮ್ಮ ಕೈಯಲ್ಲಿದ್ದರೆ ಮಾತ್ರ ದೇಶ ಬದಲಿಸಿ. ಕೆಲಸ ಕೊಡುತ್ತೇನೆಂದು ಪಾಸ್‌ಪೋರ್ಟ್ ಕೈಗೆ ತೆಗೆದುಕೊಳ್ಳುವವನ ಹಿಂದೆ ಹೋಗಬೇಡಿ.

ಮರದ ಮನೆಯ ಮಹಾನಟ

ಪೆನಾಂಗ್ ಹೇಗಿತ್ತು? ಸೊಗಸಾಗಿತ್ತು! ಜಾರ್ಜ್‌ಟೌನಿನ 'ಲಿಟಲ್ ಇಂಡಿಯಾ'ದಲ್ಲಿ ತಮಿಳು ಹಾಡಿನ ಅಬ್ಬರ, ಮಲ್ಲಿಗೆಯ ಘಮ, ಮಾರಿಯಮ್ಮನ ಗುಡಿಯ ಗಂಟೆ. ಚಹಾ ಅಂಗಡಿಯವನಿಗೆ ನಾನು ಬೆಂಗಳೂರು ಕಡೆಯವನೆಂದು ಗೊತ್ತಾದ ದಿನ "ರಜನಿ ಊರಾ?" ಎಂದು ಕಣ್ಣರಳಿಸಿದ! 2016ರ 'ಕಬಾಲಿ'ಯಲ್ಲಿ ರಜನಿ ಮಲೇಷ್ಯಾದ ತಮಿಳನಾಗಿ ನಟಿಸಿದ ಮೇಲೆ ಅಲ್ಲಿನವರಿಗೆ ಆತ ನೆಂಟ. ನಮ್ಮ ಬೆಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರು ಎಂದು ನಾನು ಬೀಗಿದೆ. ಅಂದಿನ ಚಹಾಕ್ಕೆ ಆತ ಕಾಸು ಮುಟ್ಟಲಿಲ್ಲ.

ಪೆನಾಂಗಿನಲ್ಲಿ ನಾನು ಮತ್ತೆ ಮತ್ತೆ ಹೋದ ಜಾಗವೊಂದಿದೆ. ಪಿ. ರಾಮ್ಲಿ ಹುಟ್ಟಿದ ಮರದ ಮನೆ. ಮಲಯ ಚಿತ್ರರಂಗದಲ್ಲಿ ಆತ ಯಾರು ಎಂದರೆ, ನಮಗೆ ಅಣ್ಣಾವ್ರು ಇದ್ದ ಹಾಗೆ ಎಂದುಕೊಳ್ಳಿ. ನಟ, ಗಾಯಕ, ನಿರ್ದೇಶಕ, ಸಂಗೀತಗಾರ ಎಲ್ಲವೂ! 1929ರಲ್ಲಿ ಹುಟ್ಟಿದ ಹುಡುಗನ ಹಾಡು ಕೇಳಿ 1948ರಲ್ಲಿ ಸಿಂಗಪುರದ ಸ್ಟುಡಿಯೋಕ್ಕೆ ಕರೆಸಿಕೊಂಡವರು ಯಾರು ಗೊತ್ತೇ? ಭಾರತದಿಂದ ಹೋಗಿದ್ದ ನಿರ್ದೇಶಕ ಬಿ.ಎಸ್. ರಾಜಹಂಸ್! ಮಲಯ ಭಾಷೆಯ ಮೊಟ್ಟಮೊದಲ ಕಥಾಚಿತ್ರ, 1934ರ 'ಲೈಲಾ ಮಜ್ನೂನ್' ನಿರ್ದೇಶಿಸಿದವರೂ ಅವರೇ. ರಾಮ್ಲಿಯ 'ಹಾಂಗ್ ತುವಾ' ಚಿತ್ರವನ್ನು 1956ರಲ್ಲಿ ನಿರ್ದೇಶಿಸಿದ್ದು ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನಲ್ಲಿ ಪಳಗಿದ ಫಣಿ ಮಜುಮ್ದಾರ್. ನಮ್ಮವರು ಅಲ್ಲಿಗೆ ಹೋಗಿ ಅವರ ಸಿನಿಮಾ ಕಟ್ಟಿದರು, ನೋಡಿ!

1964ರಲ್ಲಿ ರಾಮ್ಲಿ ಸಿಂಗಪುರ ಬಿಟ್ಟು ಕೌಲಾಲಂಪುರದ ಸ್ಟುಡಿಯೋ ಸೇರಿದ. ಊರು ಬದಲಾಯಿತು, ಸ್ಟುಡಿಯೋ ಬದಲಾಯಿತು, ಮೊದಲಿನ ಗೆಲುವು ಮರಳಲಿಲ್ಲ. 1973ರಲ್ಲಿ ನಲವತ್ನಾಲ್ಕಕ್ಕೇ ತೀರಿಕೊಂಡ. ಆ ಮನೆಯ ಮೆಟ್ಟಿಲ ಮೇಲೆ ಕೂತು ನಾನು ಎಷ್ಟೋ ಸಲ ಯೋಚಿಸಿದ್ದಿದೆ. ಕಲಾವಿದನನ್ನು ಬುಡಸಮೇತ ಕಿತ್ತು ನೆಡುವ ಕಾಲ ಅದು. ನಾನು ಬುಡ ಹಾಸನದಲ್ಲಿಟ್ಟುಕೊಂಡು ಟೊಂಗೆಯನ್ನು ಮಾತ್ರ ಇಲ್ಲಿಗೆ ಚಾಚಿದ್ದೇನೆ ಎಂದು ಆಗ ನನಗೆ ಜಂಬ!

ಒಂಬತ್ತು ಸೆಕೆಂಡಿನ ಅವಮಾನ

ಜಂಬ ಇಳಿಯಲು ಬಹಳ ದಿನ ಬೇಕಾಗಲಿಲ್ಲ.

ಒಂದು ಒಳ್ಳೆಯ ಚಿತ್ರ. ಹೊಸ ಹುಡುಗರದು, ಸಾಲ ಮಾಡಿ ತೆಗೆದದ್ದು. ಹೊರರಾಜ್ಯದ ಉತ್ಸವಕ್ಕೆ ಆಯ್ಕೆಯಾಗಿತ್ತು. ನನಗೆ ಕಳಿಸಿದ ಪುಟ್ಟ ಪ್ರತಿ ಸೆಕೆಂಡಿಗೆ 23.976 ಫ್ರೇಮಿನದು. ಥಿಯೇಟರಿನ ಪ್ರತಿ ಪೂರಾ 24. ಕೇಳಬೇಕಾದವನು ನಾನು, ಕೇಳಲಿಲ್ಲ. ಸಾವಿರಕ್ಕೆ ಒಂದು ಪಾಲಿನ ವ್ಯತ್ಯಾಸ, ಏನು ಮಹಾ ಅನ್ನಿಸುತ್ತದಲ್ಲವೇ? ಲೆಕ್ಕ ಹಾಕಿ. ಎರಡೂವರೆ ಗಂಟೆ ಎಂದರೆ ಒಂಬತ್ತು ಸಾವಿರ ಸೆಕೆಂಡು. ಶುರುವಿನಲ್ಲಿ ಎಲ್ಲ ಸರಿ. ಇಂಟರ್‌ವಲ್ ಹೊತ್ತಿಗೆ ಬರಹ ನಾಲ್ಕೂವರೆ ಸೆಕೆಂಡು ಹಿಂದೆ. ಕ್ಲೈಮ್ಯಾಕ್ಸಿಗೆ ಒಂಬತ್ತು ಸೆಕೆಂಡು! ತೆರೆಯ ಮೇಲೆ ತಾಯಿ ಪ್ರಾಣ ಬಿಟ್ಟು, ಮಗ ಅತ್ತು, ಮೌನ ಆವರಿಸಿದ ಮೇಲೆ ಕೆಳಗೆ ಮೂಡಿತಂತೆ ಆ ತಾಯಿಯ ಮಾತು: "ಊಟ ಮಾಡಿ ಮಲಗೋ ಮಗ." ಸಭಾಂಗಣ ಗೊಳ್ಳೆಂದು ನಕ್ಕಿತು.

ಅಳಬೇಕಾದ ಜಾಗದಲ್ಲಿ ನಗು! ನಿರ್ದೇಶಕ ಹುಡುಗ ಫೋನ್ ಮಾಡಿದಾಗ ಬೈಯಲಿಲ್ಲ. "ಅಣ್ಣಾ, ನೀವು ಇಲ್ಲೇ ಇದ್ದಿದ್ರೆ ಪ್ರಿವ್ಯೂಗೆ ಬಂದು ನೋಡಿರ್ತಿದ್ರಿ ಅಲ್ವಾ?" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವನು ಕೊಟ್ಟ ಹಣ ಹಿಂದಿರುಗಿಸಿದೆ, ಎಲ್ಲವನ್ನೂ ಪುನಃ ಹೊಂದಿಸಿ ಕೊಟ್ಟೆ. ಅವನ ಮುಂದಿನ ಚಿತ್ರ ನನಗೆ ಬರಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಫ್ರೇಮಿನ ಲೆಕ್ಕ ಬರಹದಲ್ಲಿ ಬರುವವರೆಗೆ ಒಂದಕ್ಷರ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬ ಹುಡುಗನನ್ನು ಗೊತ್ತುಮಾಡಿದೆ. ನನ್ನ ಸಂಭಾವನೆಯಲ್ಲಿ ಅವನಿಗೊಂದು ಪಾಲು. ಅವನು ಪ್ರಿವ್ಯೂ ಥಿಯೇಟರಿನಲ್ಲಿ ಕೂತು ಮೊದಲ, ನಡುವಿನ, ಕೊನೆಯ ಐದೈದು ನಿಮಿಷ ನೋಡಿ ಹೇಳಿದ ಮೇಲೇ ಕೆಲಸ ಮುಗಿದಂತೆ. ನನ್ನ ದಿನಚರಿಯೂ ಬಿಗಿಯಾಯಿತು. ಪೆನಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ. ನಾನು ಬೆಳಿಗ್ಗೆ ಎಂಟಕ್ಕೆ ಕೂತರೆ ಬೆಂಗಳೂರಿನಲ್ಲಿ ಐದೂವರೆ. ಗಾಂಧಿನಗರ ಕಣ್ಣುಬಿಡುವುದು ಹತ್ತಕ್ಕೆ, ಅಂದರೆ ನನ್ನ ಹನ್ನೆರಡೂವರೆಗೆ. ಒಂದೂ ಫೋನಿಲ್ಲದ ಆ ನಾಲ್ಕೂವರೆ ಗಂಟೆ ಅಪ್ಪಟ ಬಂಗಾರ! ಫಾರಿನ್ನಿನಿಂದ ನನಗೆ ಸಿಕ್ಕ ನಿಜವಾದ ಲಾಭ ಅದು, ಸಮುದ್ರವಲ್ಲ.

ಇಸ್ತ್ರಿಯಲ್ಲ, ಇಸ್ತೆರಿ

ನನ್ನ ಕಥೆಯಲ್ಲಿ ನಾಯಕಿಯ ಪಾತ್ರ ಇಷ್ಟು ಹೊತ್ತು ಎಲ್ಲಿ ಎಂದು ಕೇಳುತ್ತೀರಾ? ಅದೇ ತೊಂದರೆ. ನನ್ನ ಕಥೆಯಲ್ಲಿ ಆಕೆಗೆ ಪಾತ್ರವೇ ಇರಲಿಲ್ಲ!

ಹಾಸನದಲ್ಲಿ ಆಕೆ ಪಿ.ಯು. ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಉಪನ್ಯಾಸಕಿ. ಪಾಸಿನಲ್ಲಿ ಅವಲಂಬಿತೆಯಾಗಿ ಬಂದವಳು ಅಲ್ಲಿ ನೌಕರಿ ಹಿಡಿಯುವಂತಿಲ್ಲ. ಮೊದಮೊದಲು ನಗುತ್ತಿದ್ದಳು. ಮಲಯ ಭಾಷೆಯಲ್ಲಿ ಗಂಡನಿಗೆ 'ಸುವಾಮಿ', ಹೆಂಡತಿಗೆ 'ಇಸ್ತೆರಿ'. ನಮ್ಮ ಸ್ವಾಮಿ, ಸ್ತ್ರೀಗಳೇ ಹಡಗು ಹತ್ತಿ ಹೋಗಿ ಹಾಗಾಗಿರುವುದು. "ನೋಡ್ರೀ, ಇಲ್ಲಿ ಬಂದು ನೀವು ಸ್ವಾಮಿ ಆದ್ರಿ, ನಾನು ಇಸ್ತ್ರಿ ಪೆಟ್ಟಿಗೆ ಆದೆ!" ಎಂದು ತಮಾಷೆ. ಮಗಳು ಆರು ತಿಂಗಳಲ್ಲಿ ಮಲಯ ಕಲಿತು ತರಕಾರಿಯವನ ಹತ್ತಿರ ಚೌಕಾಸಿ ಮಾಡತೊಡಗಿದಳು. ಅವಳ ಶಾಲೆಯ ಫೀಸು ಮನೆ ಬಾಡಿಗೆಗಿಂತ ಹೆಚ್ಚು. ನಾನು ಹಗಲು ರಾತ್ರಿ ತೆರೆ ನೋಡುತ್ತಿದ್ದೆ, ಆಕೆ ಕಿಟಕಿ ನೋಡುತ್ತಿದ್ದಳು. ಒಂದು ವರ್ಷದ ಮೇಲೆ ಕಾಲೇಜಿನವರು ಆಕೆಯ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಆ ಪತ್ರ ಬಂದ ದಿನ ಆಕೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದು ಟ್ರೇಲರ್ ಅರ್ಜೆಂಟಿತ್ತು.

ಅಷ್ಟರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಪೆನಾಂಗಿನಿಂದ ಕೌಲಾಲಂಪುರ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಬಸ್ಸು. ಹಾಸನದ ಆಸ್ಪತ್ರೆ ತಲುಪುವಷ್ಟರಲ್ಲಿ ಆಪರೇಷನ್ ಮುಗಿದಿತ್ತು, ಸಹಿ ಹಾಕಿದ್ದು ಭಾವ. ಎಲ್ಲಿ ಬೇಕಾದರೂ ನಡೆಯುವ ಕೆಲಸ ನೋಡಿ, ಆಸ್ಪತ್ರೆಯ ಕಾರಿಡಾರಿಗೂ ಬಂತು. ಬೆಂಚಿನ ಮೇಲೆ ಕೂತು ಒಂದು ಹಾಸ್ಯದ ಚಿತ್ರಕ್ಕೆ ಸಬ್‌ಟೈಟಲ್ ಬರೆದೆ. ಅಪ್ಪ ಕಣ್ಣುಬಿಟ್ಟು ನೋಡಿದರು. "ಏನೋ, ಇಲ್ಲೂ ಪಿಚ್ಚರ್ರೇನೋ?"

ಎರಡನೇ ವರ್ಷ ಮುಗಿಯುವ ಮೊದಲು ನಾನು ಮುಂದಿನ ದೇಶ ಹುಡುಕುತ್ತಿದ್ದೆ. ಥಾಯ್ಲೆಂಡ್ 2024ರ ಜುಲೈನಲ್ಲಿ ಐದು ವರ್ಷದ ಹೊಸ ವೀಸಾ ತಂದಿತ್ತು, ಐದು ಲಕ್ಷ ಬಾತ್ ಬ್ಯಾಂಕಿನಲ್ಲಿ ತೋರಿಸಬೇಕು. ಹೇಗೋ ಹೊಂದಿಸಬಹುದು ಎಂದು ಉತ್ಸಾಹದಿಂದ ವಿವರಿಸಿದೆ. ಆಕೆ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಆಮೇಲೆ ಬಹಳ ಮೆತ್ತಗೆ ಅಂದಳು:

"ಅಲ್ರೀ, ನಿಮ್ಮ ಕೆಲಸ ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ನಡೆಯುತ್ತೆ ಅಂತೀರಲ್ಲ... ಹಾಗಾದ್ರೆ ಹಾಸನದಲ್ಲೂ ನಡೀಬೇಕಲ್ವಾ? ನನ್ನ ಕೆಲಸ ಅಲ್ಲಿ ಮಾತ್ರ ನಡೆಯೋದು."

ಎಂಥೆಂಥ ಡೈಲಾಗ್ ಬರಹಗಾರರ ಮಾತನ್ನು ಎರಡು ಸಾಲಿಗೆ ಇಳಿಸಿದವನು ನಾನು. ಇದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ.

ಗಂಟುಮೂಟೆ ಕಟ್ಟಿದೆವು. 2025ರ ಜೂನಿನಲ್ಲಿ ಹಾಸನ. ಆಕೆಗೆ ಹಳೆಯ ಕಾಲೇಜು ಸಿಗಲಿಲ್ಲ. ಇನ್ನೊಂದರಲ್ಲಿ ಅರ್ಧ ಸಂಬಳಕ್ಕೆ ಮೊದಲಿನಿಂದ ಶುರು ಮಾಡಿದಳು. ಸೀರೆಯುಟ್ಟು ಪುಸ್ತಕ ಹಿಡಿದು ಹೊರಟ ಮೊದಲ ದಿನ ಆಕೆಯ ನಡಿಗೆಯೇ ಬೇರೆಯಿತ್ತು. ಆಕೆಯ ಸೀರೆಗೆ ನಾನೇ ಇಸ್ತ್ರಿ ಹಾಕಿದ್ದೆ! ನನ್ನ ಗಿರಾಕಿಗಳು? ಒಬ್ಬರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಬಹಳ ಜನಕ್ಕೆ ನಾನು ವಾಪಸು ಬಂದದ್ದೇ ಗೊತ್ತಾಗಲಿಲ್ಲ.

ಸೆಪ್ಟೆಂಬರಿನ ಒಂದು ರಾತ್ರಿ ಮತ್ತೆ ಫೋನು. ಅದೇ ನಿರ್ಮಾಪಕರು. ಗಡಿಯಾರ ನೋಡಿದೆ, ಹತ್ತು.

"ಸಾರಿ ಸಾರ್, ಸಾರಿ! ನಿಮಗೆ ಈಗ ಹನ್ನೆರಡೂವರೆ ಅಲ್ವಾ? ಈ ಸಲ ನೆನಪಿಟ್ಕೊಂಡಿದೀನಿ ನೋಡಿ!"

"ಇಲ್ಲ ಸಾರ್. ನನಗೂ ಹತ್ತೇ. ಹಾಸನಕ್ಕೆ ಬಂದು ಮೂರು ತಿಂಗಳಾಯ್ತು."

ಆ ಕಡೆ ಒಂದು ಕ್ಷಣ ಮೌನ.

"ಮೂರು ತಿಂಗಳಾ? ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಹಾಗಾದ್ರೆ ಬೆಳಿಗ್ಗೆ ಹತ್ತಕ್ಕೆ ಪ್ರಿವ್ಯೂ ಇದೆ, ಬಂದ್ಬಿಡಿ."

ಬೆಳಗಿನ ಜಾವ ನಾಲ್ಕೂವರೆಯ ಬಸ್ಸಿಗೆ ಬೆಂಗಳೂರಿಗೆ ಹೊರಟೆ.